ಮನೆಗೆ ಹೋಗೋಣ

ಹೋದ ತಿಂಗಳ ಸಂಚಿಕೆಯಲ್ಲಿ ಮಕ್ಕಳ ಬಾಯಿಪಾಠದ ವಿಷಯವಾಗಿ ನಾನು ಬರೆದುದನ್ನು ಓದಿ ಗೃಹಿಣಿಯೊಬ್ಬರು ಕಾಗದ ಬರೆದಿದ್ದಾರೆ. ಎಳೆಯರ ಜ್ಞಾಪಕಶಕ್ತಿಯನ್ನು ಅಷ್ಟು ಹೊಗಳಿದ ತಾವು ಹಿರಿಯರ ಮರೆವಿನ ಮಾತನ್ನು ಏಕೆ ಎತ್ತಲಿಲ್ಲವೆಂದು ಅವರ ಪ್ರಶ್ನೆ. ಅವರ ಮಾವನವರು ನಿತ್ಯವೂ ಸಂಜೆ ಬಾಗಿಲ ಬಳಿ ನಿಂತು, "ನನ್ನನ್ನು ಮನೆಗೆ ಕರೆದುಕೊಂಡು ಹೋಗಿ" ಎಂದು ಅಳುತ್ತಾರಂತೆ. ಇಂಥವರಿಗಾಗಿಯೇ ಏರ್ಪಟ್ಟಿರುವ ಆರೈಕೆಯ ಮನೆಯಲ್ಲಿ ಅವರನ್ನು ಇರಿಸಬಹುದೆಂದು ವೈದ್ಯರು ಹೇಳಿದರೆ, ನೆಂಟರಿಷ್ಟರು ಪಾಪದ ಭಯವನ್ನು ತೋರಿಸುತ್ತಾರಂತೆ. ನನ್ನ ಅಭಿಪ್ರಾಯವೇನೆಂದು ಕೇಳಿದ್ದಾರೆ. ಅಭಿಪ್ರಾಯವನ್ನು ಹೇಳುವಷ್ಟು ದೂರದಲ್ಲಿ ನಾನು ನಿಂತಿಲ್ಲ. ನನ್ನ ತಾಯಿಯವರು ಎರಡು ವರ್ಷದಿಂದ ಅಂಥದೊಂದು ಮನೆಯಲ್ಲಿಯೇ ಇದ್ದಾರೆ. ಅದನ್ನು ಇದುವರೆಗೆ ಈ ಪುಟದಲ್ಲಿ ಬರೆಯದೆ ಇದ್ದುದಕ್ಕೆ ನಾಚಿಕೆಯೇ ಕಾರಣ, ಬೇರೇನೂ ಅಲ್ಲ.

ಅರುವತ್ತಕ್ಕೆ ಅರಳುಮರಳು ಎಂಬ ನಮ್ಮ ಗಾದೆ ಎಷ್ಟು ಸಂಸಾರಗಳನ್ನು ಕೆಡಿಸಿದೆಯೋ ದೇವರೇ ಬಲ್ಲ. 62ನ್ನು ಮುಟ್ಟಿರುವ ನನಗೆ ಅದರ ಮೇಲೆ ಸ್ವಂತ ದ್ವೇಷವೂ ಉಂಟೆನ್ನಿ. ಆ ಗಾದೆಯನ್ನು ನೆಚ್ಚಿಕೊಂಡು ನಾವು ಎರಡು ವರ್ಷ ಸುಮ್ಮನೆ ಕುಳಿತೆವು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮರೆಯುವುದು ಯಾರಿಗಾದರೂ ಉಂಟು. ಆದರೆ ಅರುವತ್ತು ವರ್ಷ ಮಾಡಿದ ಸಾರನ್ನು ಎಲ್ಲಿಂದ ಮೊದಲುಮಾಡಬೇಕೆಂದು ತೋರದೆ ಒಲೆಯ ಮುಂದೆ ನಿಂತುಬಿಡುವುದು ಬರಿಯ ಮುಪ್ಪಲ್ಲ. ಆ ದಿನವೇ ನಾವು ವೈದ್ಯರಲ್ಲಿಗೆ ಹೋಗಬೇಕಾಗಿದ್ದಿತು. ಥೈರಾಯ್ಡ್ ಗ್ರಂಥಿಯ ದೋಷ, ಬಿ12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಕಡೆಗೆ ಕಿವಿಯ ಮಂದತನ, ಇವುಗಳಿಂದಲೂ ಮರೆವಿನಂಥ ಲಕ್ಷಣಗಳು ಕಾಣಬಹುದು. ಇವಕ್ಕೆ ಪರಿಹಾರವೂ ಉಂಟು. ಮೂತ್ರದ ಸೋಂಕೊಂದೇ ವೃದ್ಧರನ್ನು ಎರಡು ದಿನದಲ್ಲಿ ದಿಕ್ಕುಗೆಡಿಸಬಲ್ಲುದು. ನಮ್ಮ ತಾಯಿಯವರದು ಇವು ಯಾವುದೂ ಆಗಿರಲಿಲ್ಲ. ಅದು ಅಲ್ಜೈಮರ್ ರೋಗವೆಂದು ವೈದ್ಯರು ಹೇಳಿದರು.

ಈ ರೋಗದ ಹೆಸರಿಗೆ ಒಂದು ಕಥೆಯುಂಟು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಔಗುಸ್ಟೆ ಎಂಬ 51 ವರ್ಷದ ಹೆಂಗಸೊಬ್ಬಳು ಬಂದಳು. ತನ್ನ ಹೆಸರನ್ನು ಬರೆಯಹೇಳಿದರೆ ಅವಳ ಕೈ ಅರ್ಧದಲ್ಲಿಯೇ ನಿಲ್ಲುತ್ತಿದ್ದಿತು. ಅಲೋಯಿಸ್ ಅಲ್ಜೈಮರ್ ಎಂಬ ವೈದ್ಯನು ಅವಳ ಮಾತುಗಳನ್ನು ಒಂದೂ ಬಿಡದಂತೆ ಬರೆದಿಟ್ಟನು. 1906ರಲ್ಲಿ ಅವಳು ತೀರಿಕೊಂಡ ಮೇಲೆ ಅವಳ ಮೆದುಳನ್ನು ಪರೀಕ್ಷಿಸಿ, ಅದು ಸೊರಗಿದ್ದುದನ್ನೂ ಅದರೊಳಗೆ ಗಂಟುಸಿಕ್ಕುಗಳು ಕಟ್ಟಿದ್ದುದನ್ನೂ ಕಂಡು ಲೋಕಕ್ಕೆ ತಿಳಿಸಿದನು. ವಯಸ್ಸನ್ನು ಗಮನಿಸಬೇಕು: ಐವತ್ತೊಂದು. ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ನೂರಕ್ಕೆ 7.4 ಜನಕ್ಕೆ, ಎಂದರೆ ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಷಿಯ ಎಂದು ಕರೆಯುವ ಈ ಬಗೆಯ ಬುದ್ಧಿಕ್ಷಯವುಂಟೆಂದು 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವು ಲೆಕ್ಕ ಹಾಕಿದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಅಲ್ಜೈಮರ್ ರೋಗವನ್ನು ಗುಣಪಡಿಸುವ ಔಷಧವು ಇನ್ನೂ ಬಂದಿಲ್ಲ.

ತರ್ಕಶಾಸ್ತ್ರದಲ್ಲಿ ಅನುಭವದಿಂದ ಸಂಸ್ಕಾರ, ಸಂಸ್ಕಾರದಿಂದ ಸ್ಮೃತಿ ಎಂದು ಓದಿದ್ದೆನು; ಹುಡುಗರಿಗೆ ಪಾಠವನ್ನೂ ಹೇಳಿದ್ದೆನು. ಅನುಭವವಿದ್ದೂ ಸಂಸ್ಕಾರವೇ ಕೂಡದೆ ಹೋದರೆ ಗತಿಯೇನೆಂದು ಅಂದು ಯಾವ ಹುಡುಗನೂ ಕೇಳಲಿಲ್ಲ. ಹೊಸ ಅನುಭವವನ್ನು ನೆಲೆಗೊಳಿಸುವ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗಕ್ಕೆ ಈ ರೋಗದ ಪೆಟ್ಟು ಮೊದಮೊದಲೇ ಬೀಳುತ್ತದೆ; ಆದುದರಿಂದ ಬೆಳಗಿನ ತಿಂಡಿ ಮರೆತುಹೋಗುತ್ತದೆ, ಬಾಲ್ಯದ ಅಂಗಳ ಉಳಿಯುತ್ತದೆ. ನಮ್ಮ ತಾಯಿಯವರ ತವರು ತೀರ್ಥಹಳ್ಳಿಯ ಕಡೆ. ಅವರ ತಂದೆಯವರು ಜಗಲಿಯಲ್ಲಿ ಹುಡುಗರಿಗೆ ಅಮರಕೋಶವನ್ನು ಹೇಳಿಕೊಡುತ್ತಿದ್ದರು; ಹೆಣ್ಣುಮಗುವಿಗೆ ಯಾರೂ ಪಾಠ ಹೇಳಲಿಲ್ಲ, ಆದರೆ ಅಡುಗೆಮನೆಯ ಹೊಸಿಲಲ್ಲಿ ಕುಳಿತು ಕೇಳಿಕೇಳಿಯೇ ಅದು ಇವರಿಗೆ ಬಂದುಬಿಟ್ಟಿತು. ನಾನು ಸಂಸ್ಕೃತವನ್ನು ಕಲಿತುದು ಪಾಠಶಾಲೆಯಲ್ಲಿ ಎಂದು ಎಲ್ಲರಿಗೂ ಹೇಳುತ್ತೇನೆ. ನಿಜವಾಗಿ ಮೊದಲು ಕಲಿತುದು ಈ ತಾಯಿಯ ಬಾಯಿಂದ.

ಮೈಸೂರಿನ ನಮ್ಮ ಮನೆಯಲ್ಲಿ ಇವರು ಮೂವತ್ತು ವರ್ಷ ಇದ್ದರು. ಆದರೂ ಸಂಜೆಯ ಐದು ಗಂಟೆಯಾಯಿತೆಂದರೆ ಸೆರಗು ಹೊದ್ದು ನಿಂತು "ಮನೆಗೆ ಹೋಗೋಣ" ಎನ್ನತೊಡಗಿದರು. "ಅಮ್ಮಾ, ಇದೇ ಮನೆ" ಎಂದರೆ ಕೇಳುವರಲ್ಲ. "ಅವರು ಬರುವ ಹೊತ್ತಾಯಿತು, ಕಾಫಿಗೆ ಇಡಬೇಕು" ಎನ್ನುವರು. ಅವರೆಂದರೆ ನಮ್ಮ ತಂದೆ. ಮೂವತ್ತಾರು ವರ್ಷ ಹುಡುಗರ ತಪ್ಪನ್ನು ತಿದ್ದಿದ ನಾಲಗೆ ನನ್ನದು, ಸುಮ್ಮನಿರಲಾರದು. "ಅಪ್ಪ ಹೋಗಿ ಹನ್ನೊಂದು ವರ್ಷವಾಯಿತಲ್ಲಮ್ಮ" ಎಂದು ತಿದ್ದಿದೆನು. ಅವರು ಆ ಸುದ್ದಿಯನ್ನು ಆಗಲೇ ಮೊದಲು ಕೇಳಿದವರಂತೆ ಗೋಳೋ ಎಂದು ಅತ್ತರು. ಅರ್ಧ ಗಂಟೆಯಲ್ಲಿ ಸುದ್ದಿ ಮರೆತುಹೋಯಿತು, ದುಃಖ ಮಾತ್ರ ಉಳಿಯಿತು. ಏಕೆ ಅಳುತ್ತಿರುವೆನೆಂದು ತಿಳಿಯದೆ ರಾತ್ರಿಯೆಲ್ಲಾ ಅತ್ತರು. ಮರುದಿನ ಮತ್ತೆ ಕೇಳಿದರು, ಮತ್ತೆ ತಿದ್ದಿದೆನು. ಒಂದೇ ತಿಂಗಳಲ್ಲಿ ನಾನು ನನ್ನ ತಾಯಿಯನ್ನು ಎಷ್ಟು ಸಲ ವಿಧವೆಯನ್ನಾಗಿ ಮಾಡಿದೆನೋ ಲೆಕ್ಕವಿಟ್ಟಿಲ್ಲ. ಸತ್ಯವನ್ನು ಹೇಳುತ್ತಿದ್ದೇನೆಂಬ ಹೆಮ್ಮೆಯೂ ಇದ್ದಿತು.

ಇಷ್ಟಾದರೂ ನನ್ನ ಪಾಲಿಗೆ ಬಂದುದು ಮಾತಿನ ಕಷ್ಟ ಮಾತ್ರ. ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು, ರಾತ್ರಿ ನಾಲ್ಕು ಸಲ ಏಳುವುದು, ಅನ್ನವನ್ನು ಉಗುಳಿದರೆ ಮತ್ತೆ ಕಲಸಿ ಇಡುವುದು, ಇದೆಲ್ಲವೂ ನನ್ನ ಹೆಂಡತಿಯ ಪಾಲಾಯಿತು. ನಾನು ಮಾತೃಸೇವೆ ಮಾಡುತ್ತಿರುವೆನೆಂದು ಬಂದವರು ಹೊಗಳುತ್ತಿದ್ದರು. ಅವಳು ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದಳು. ಒಂದು ರಾತ್ರಿ ಕತ್ತಲಲ್ಲಿ ಅವಳನ್ನು ಕಳ್ಳಿಯೆಂದು ಬಗೆದು ತಾಯಿಯವರು ನೂಕಿದರು. ಅವಳು ಬಿದ್ದು ಬಲಗೈಯ ಮಣಿಕಟ್ಟು ಮುರಿಯಿತು. ಪಟ್ಟಿ ಕಟ್ಟಿದ ಕೈಯನ್ನು ನೋಡಿ ತಾಯಿಯವರೇ, "ಅಯ್ಯೋ, ಏನಾಯಿತೇ ನಿನಗೆ? ಯಾರು ಮಾಡಿದರು?" ಎಂದು ಕಣ್ಣೀರಿಟ್ಟರು. ಬೆಂಗಳೂರಿನಿಂದ ನನ್ನ ಮಗಳು ಬಂದು ಎರಡು ದಿನ ಎಲ್ಲವನ್ನೂ ನೋಡಿದಳು. ಮೂರನೆಯ ದಿನ, "ಅಪ್ಪ, ಅಜ್ಜಿಗೆ ನೀನು ಕೊಟ್ಟ ಮಾತನ್ನು ನಡೆಸುತ್ತಿರುವುದು ಅಮ್ಮ" ಎಂದಳು. ಹಾಸಿಗೆಯ ಬಳಿ ಕುಳಿತು, ಎಂದಿಗೂ ನಿನ್ನನ್ನು ಬೇರೆ ಕಡೆ ಬಿಡೆನೆಂದು ನಾನು ತಾಯಿಗೆ ಮಾತು ಕೊಟ್ಟಿದ್ದುದುಂಟು.

ಬೆಂಗಳೂರಿನಲ್ಲಿ ಮಗಳ ಮನೆಗೆ ಸಮೀಪವಾಗಿ ಒಂದು ಸ್ಥಳವನ್ನು ಗೊತ್ತುಮಾಡಿದೆವು. ಊರಿನವರು ಕೇಳಿದರೆ "ತಾಯಿಯವರು ಮೊಮ್ಮಗಳ ಮನೆಯಲ್ಲಿದ್ದಾರೆ" ಎಂದು ಹೇಳಿದೆನು; ಮೂರು ತಿಂಗಳು ಹಾಗೆಯೇ ಹೇಳಿದೆನು. ತಾಯಿಯ ಕಣ್ಣೀರನ್ನು ನಿಲ್ಲಿಸಲು ಒಂದು ಸುಳ್ಳನ್ನು ಆಡದವನು ನನ್ನ ಮಾನವನ್ನು ಉಳಿಸಿಕೊಳ್ಳಲು ಎಷ್ಟು ಸುಲಭವಾಗಿ ಆಡಿದೆನೆಂಬುದು ಅಂದು ನನಗೆ ಹೊಳೆಯಲಿಲ್ಲ.

ಆ ಮೊದಲ ಸ್ಥಳವು ಸರಿಬೀಳಲಿಲ್ಲ. ನೆಲಕ್ಕೆ ಅಮೃತಶಿಲೆ, ಬಾಗಿಲಲ್ಲಿ ಕಾರಂಜಿ, ಆಫೀಸಿನಲ್ಲಿ ತಣ್ಣನೆಯ ಗಾಳಿ. ನಾನು ನೋಡಿ ಮೆಚ್ಚಿದುದು ಇಷ್ಟನ್ನೇ. ಮೂರು ವಾರದಲ್ಲಿ ತಾಯಿಯವರು ಕುರ್ಚಿಯಲ್ಲಿ ಒರಗಿದವರು ಏಳದಾದರು; ಬಾಯಿಂದ ಜೊಲ್ಲು, ಕೈಕಾಲು ಮರಗಟ್ಟಿದಂತೆ. ಸಂಜೆಯ ಗಲಾಟೆ ನಿಂತುಹೋಗಿದೆ ನೋಡಿ ಎಂದು ಅಲ್ಲಿಯವರು ಸಂತೋಷದಿಂದ ಹೇಳಿದರು. ವಿಚಾರಿಸಿದರೆ, ಉನ್ಮಾದಕ್ಕೆ ಕೊಡುವ ಔಷಧವನ್ನು ನಮಗೆ ತಿಳಿಸದೆ ಕೊಡುತ್ತಿದ್ದರೆಂದು ಗೊತ್ತಾಯಿತು. ಇಂಥ ಔಷಧಗಳಿಂದ ಮರೆವಿನ ರೋಗದ ವೃದ್ಧರಲ್ಲಿ ಮರಣದ ಸಂಭವ ಹೆಚ್ಚುವುದೆಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲಿಯೇ ಎಚ್ಚರಿಕೆ ಕೊಟ್ಟಿದ್ದಾರೆ. ಬೇರೆ ಉಪಾಯವಿಲ್ಲದಾಗ, ಅಪಾಯವನ್ನು ಮನೆಯವರಿಗೆ ತಿಳಿಸಿ, ಸ್ವಲ್ಪ ಕಾಲ ಕೊಡುವುದುಂಟು. ಆದರೆ ಸಂಜೆಯ ಹೊತ್ತು ಆಳುಗಳು ಸಾಲದೆಂಬ ಕಾರಣಕ್ಕೆ ಕೊಡತಕ್ಕುದಲ್ಲ. ಮರುದಿನವೇ ಕರೆದುಕೊಂಡು ಬಂದೆವು.

ಈಗ ಇರುವ ಮನೆ ನೋಡುವುದಕ್ಕೆ ಸಾಧಾರಣ. ಹದಿನಾಲ್ಕು ಮಂದಿ ವೃದ್ಧರು, ಹಿಂದೆ ಒಂದು ಸಣ್ಣ ತೋಟ, ಸುತ್ತಿ ಬಂದರೆ ಹೊರಟಲ್ಲಿಗೇ ತಂದು ಬಿಡುವ ಒಂದು ಕಾಲುದಾರಿ. ಅಲ್ಲಿಯ ಮೊದಲನೆಯ ಸಂಜೆ ನಾನು ಮರೆಯಲ್ಲಿ ನಿಂತಿದ್ದೆನು. ಐದು ಗಂಟೆಯಾಯಿತು, ತಾಯಿಯವರು ಸೆರಗು ಹೊದ್ದು ಎದ್ದರು, "ಮನೆಗೆ ಹೋಗಬೇಕು, ಅವರು ಬರುವ ಹೊತ್ತು" ಎಂದರು. ಆರೈಕೆಯ ಹುಡುಗಿಯೊಬ್ಬಳು, ಒಡಿಶಾದ ಕಡೆಯವಳು, ಮುರುಕು ಕನ್ನಡದಲ್ಲಿ, "ಅಜ್ಜಿ, ಅವರಿಗೆ ಕಾಫಿ ಸಕ್ಕರೆ ಜಾಸ್ತಿ ಬೇಕಾ?" ಎಂದು ಕೇಳಿದಳು. "ಸಕ್ಕರೆಯೇ? ಬೆಲ್ಲ!" ಎಂದು ತಾಯಿಯವರು ನಕ್ಕರು. ಅವರು ಎಂಥ ಬೆಲ್ಲವನ್ನು ಮೆಚ್ಚುತ್ತಿದ್ದರು, ಲೋಟ ಎಷ್ಟು ದೊಡ್ಡದು, ಎಲ್ಲವನ್ನೂ ಹೇಳುತ್ತಾ ಹುಡುಗಿಯ ಕೈ ಹಿಡಿದು ತೋಟವನ್ನು ಎರಡು ಸುತ್ತು ಬಂದು ಕುಳಿತರು. ಅಷ್ಟು ಹೊತ್ತಿಗೆ ದೀಪ ಹತ್ತಿದ್ದಿತು.

ಅಪ್ರಿಯವಾದ ಸತ್ಯವನ್ನು ನುಡಿಯಬೇಡ, ಪ್ರಿಯವಾದ ಅಸತ್ಯವನ್ನೂ ನುಡಿಯಬೇಡ ಎಂದು ಮನುವು ಎರಡು ಕಡೆಯೂ ಬೇಲಿ ಹಾಕಿದ್ದಾನೆ. ನಾನು ಆ ಬೇಲಿಗಳ ನಡುವೆ ನಿಂತು, ಇನ್ನುಳಿದುದು ಮೌನವೊಂದೇ ಎಂದು ತಿಳಿದಿದ್ದೆನು. ಆ ಹುಡುಗಿ ಸತ್ಯವನ್ನೂ ಹೇಳಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿದಳು. ಇದು ಅವಳ ಹುಟ್ಟುಗುಣವಿರಬಹುದೆಂದು ಭಾವಿಸಿ ಹೊಗಳಿದರೆ, ಮೂರು ತಿಂಗಳು ಕಲಿಸಿದ್ದಾರೆಂದಳು. ಕಲಿಸಬಹುದಾದ ವಿದ್ಯೆ ಇದು! ಮೂವತ್ತಾರು ವರ್ಷದ ಉಪಾಧ್ಯಾಯನಿಗೆ ಯಾರೂ ಕಲಿಸಿರಲಿಲ್ಲ.

ಕಾಗದ ಬರೆದ ಗೃಹಿಣಿಯು ಇಂಥ ಸ್ಥಳವನ್ನು ಹುಡುಕುವುದಾದರೆ, ಸಾಮಾನ್ಯ ವೃದ್ಧಾಶ್ರಮಕ್ಕೂ ಇದಕ್ಕೂ ಭೇದವುಂಟೆಂಬುದನ್ನು ಮೊದಲು ತಿಳಿಯಬೇಕು. ಎಷ್ಟೋ ವೃದ್ಧಾಶ್ರಮಗಳು ತಮ್ಮ ಕೆಲಸವನ್ನು ತಾವು ಮಾಡಿಕೊಳ್ಳಬಲ್ಲವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಸ್ನಾನ, ಊಟ, ಔಷಧಗಳಿಗೆ ಕೈನೆರವು ಕೊಡುವ ಮನೆಗಳು ಬೇರೆ. ಮರೆವಿನವರಿಗಾಗಿಯೇ ಬಾಗಿಲು, ತೋಟ, ದಿನಚರಿಗಳನ್ನು ಹೊಂದಿಸಿ ನಡೆಸುವ ಮನೆಗಳು ಬೇರೆ. ಈ ಕಡೆಯವು ನಮ್ಮಲ್ಲಿ ಇನ್ನೂ ಕಡಮೆ, ಇರುವುವೂ ಬಹುಮಟ್ಟಿಗೆ ದೊಡ್ಡ ಪಟ್ಟಣಗಳಲ್ಲಿ. 1992ರಲ್ಲಿ ಕೇರಳದಲ್ಲಿ ಹುಟ್ಟಿದ ಅಲ್ಜೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಎಂಬ ಸಂಘವು ಈ ದಾರಿಯನ್ನು ತೆರೆಯಿತು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನವರು 2010ರಲ್ಲಿ ಇದಕ್ಕಾಗಿಯೇ ಒಂದು ಕೇಂದ್ರವನ್ನು ಕಟ್ಟಿದರು. ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಸಲಹೆಗೂ ಅನುಕೂಲವಿದೆ. ಹಿರಿಯ ನಾಗರಿಕರಿಗಾಗಿ 14567 ಎಂಬ ದೂರವಾಣಿಯೂ ಉಂಟು. ಸ್ಥಳವನ್ನು ನೋಡುವುದಕ್ಕೆ ಬೆಳಗ್ಗೆ ಹೋಗಬೇಡಿ, ಸಂಜೆ ಐದಕ್ಕೆ ಹೋಗಿ, ಹೇಳದೆ ಹೋಗಿ. ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆ? ಕನ್ನಡ ಬಲ್ಲವರು ಎಷ್ಟು ಮಂದಿ? ಕುರ್ಚಿಗೆ ಕಟ್ಟುವುದುಂಟೋ? ಔಷಧ ಬದಲಾಯಿಸಿದರೆ ಯಾರಿಗೆ ತಿಳಿಸುತ್ತಾರೆ? ಬಿದ್ದರೆ ಯಾವ ಆಸ್ಪತ್ರೆ? ಇವಕ್ಕೆ ಉತ್ತರ ಹೇಳುವಾಗ ಅವರು ನಿಮ್ಮ ಮುಖವನ್ನು ನೋಡುವರೋ ಮೇಜನ್ನು ನೋಡುವರೋ, ಅದನ್ನೂ ಗಮನಿಸಿ.

ಹಣದ ಮಾತನ್ನು ಮುಚ್ಚಿಡುವುದು ನ್ಯಾಯವಲ್ಲ. ನಾವು ತಿಂಗಳಿಗೆ 45,000 ರೂಪಾಯಿ ಕೊಡುತ್ತೇವೆ. ನನ್ನ ಪಿಂಚಣಿಯಿಂದ ಅದು ಸಾಗುವುದಲ್ಲ. ಅಮೆರಿಕದಲ್ಲಿರುವ ತಮ್ಮನು ಅರ್ಧಕ್ಕಿಂತ ಹೆಚ್ಚು ಕಳುಹಿಸುತ್ತಾನೆ. ಮೊದಲು ಅವನೇ ದೂರವಾಣಿಯಲ್ಲಿ "ಅಮ್ಮನನ್ನು ಅಲ್ಲಿ ಬಿಟ್ಟೆಯಾ?" ಎಂದು ಕೇಳಿದವನು, ಒಂದು ಬೇಸಗೆ ಬಂದು ಹತ್ತು ದಿನ ಇದ್ದ ಮೇಲೆ ಆ ಮಾತನ್ನು ಆಡಲಿಲ್ಲ. ಕಳುಹಿಸುವವರಿಲ್ಲದ ಮನೆಗಳು ಏನು ಮಾಡಬೇಕೆಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಹಗಲು ಮಾತ್ರ ನೋಡಿಕೊಳ್ಳುವ ಕೇಂದ್ರಗಳು ತಾಲ್ಲೂಕಿಗೆ ಒಂದಾದರೂ ಇದ್ದಿದ್ದರೆ ನನ್ನ ಹೆಂಡತಿಯ ಕೈ ಮುರಿಯುತ್ತಿರಲಿಲ್ಲವೇನೋ. ಆ ಕೈಯಿಂದ ಅವಳು ಈಗಲೂ ರೊಟ್ಟಿ ತಟ್ಟಲಾರಳು. ತಿಂಗಳಿಗೆ ಎರಡು ಸಲ ನನ್ನ ಜೊತೆಗೆ ಬಂದು ಅತ್ತೆಯ ತಲೆ ಬಾಚುತ್ತಾಳೆ, ಎಡಗೈಯಲ್ಲಿ.

ತಾಯಿಯವರಿಗೆ ನನ್ನ ಗುರುತು ಹೋಗಿ ಒಂದು ವರ್ಷವಾಯಿತು. ಯಾರೋ ಮೇಷ್ಟ್ರು ಎಂದು ತಿಳಿದಿದ್ದಾರೆ. ಅದು ತಪ್ಪೂ ಅಲ್ಲ, ನಾನು ತಿದ್ದುವುದೂ ಇಲ್ಲ. ಹೋದ ಭಾನುವಾರ ತೋಟದಲ್ಲಿ ಕುಳಿತು ವನೌಷಧಿವರ್ಗದ ಒಂದು ಶ್ಲೋಕದ ಮೊದಲ ಪಾದವನ್ನು ಹೇಳಿದೆನು. ಅವರು ಕಣ್ಣು ಮುಚ್ಚಿಕೊಂಡು ಮುಂದಿನದನ್ನು ಹೇಳಿದರು, ಅದರ ಮುಂದಿನದನ್ನೂ ಹೇಳಿದರು. ಏಳೆಂಟು ಶ್ಲೋಕ ಎಲ್ಲಿಯೂ ತಡೆಯಲಿಲ್ಲ. ಒಂದು ಕಡೆ ನಾನೇ ತಪ್ಪಿದೆನು. "ಹಾಗಲ್ಲ" ಎಂದು ನನ್ನ ಮೊಣಕಾಲನ್ನು ತಟ್ಟಿ ತಿದ್ದಿದರು. ಆಮೇಲೆ ಆಕಾಶವನ್ನು ನೋಡಿ, "ಕತ್ತಲಾಗುತ್ತಿದೆ, ಮೇಷ್ಟ್ರೇ, ನಿಮ್ಮ ಮನೆಯಲ್ಲಿ ಕಾಯುತ್ತಿರುತ್ತಾರೆ, ಹೊರಡಿ" ಎಂದರು. ಮೈಸೂರಿನ ಬಸ್ಸು ಆರೂವರೆಗೆ ಇದ್ದಿತು. ಹೊರಟೆವು.