ಲ್ಯಾಪ್‌ಟಾಪ್ ಹಾಕಿದ ಸಾಲದ ಅರ್ಜಿ

ದಸರಾ ರಜೆಗೆ ಬಂದ ಮೊಮ್ಮಗ ಚಪ್ಪಲಿ ಬಿಡುವ ಮೊದಲೇ ಕೇಳಿದ: "ತಾತ, ನಿಮ್ಮ ಲ್ಯಾಪ್‌ಟಾಪಲ್ಲಿ ಏಜ್ ಆಫ್ ಎಂಪೈರ್ಸ್ 4 ಓಡತ್ತಾ?"

ಎಂಟನೇ ಕ್ಲಾಸಿನ ಹುಡುಗ. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಬಂದ ದುಡ್ಡನ್ನೆಲ್ಲ ಕೂಡಿಟ್ಟು ತಂದಿದ್ದ. ಅವರ ಮನೆಯ ಕಂಪ್ಯೂಟರ್ ಅಪ್ಪನ ಆಫೀಸಿನದು, ಅದರಲ್ಲಿ ಆಟ ಹಾಕುವಂತಿಲ್ಲ. ನನ್ನದು ರಿಟೈರ್ ಆದ ಮೇಲೆ 2013ರಲ್ಲಿ ಕೊಂಡದ್ದು. ಆಟ ಬಂದದ್ದು 2021ರಲ್ಲಿ. ಮಕ್ಕಳೇ, ನಿಮಗೆ ಅದೂ ಹಳೆಯದೇ ಇರಬಹುದು. ನನ್ನ ಲ್ಯಾಪ್‌ಟಾಪಿಗೆ ಹೊಸದು. ಕಟ್ಟಿಗೆ, ಕಲ್ಲು, ಚಿನ್ನ ಕೂಡಿಸಿ ಕೋಟೆ ಕಟ್ಟಿ ಸೈನ್ಯ ಬೆಳೆಸುವ ಆಟವಂತೆ. ದೆಹಲಿ ಸುಲ್ತಾನರ ಪಡೆಯೂ ಇದೆ, ಆನೆಗಳ ಸಮೇತ.

"ದುಡ್ಡು ಕೊಡುವ ಮೊದಲು ಕಾಗದಪತ್ರ ನೋಡೋಣ" ಎಂದೆ. ಸಾಲದ ಅರ್ಜಿಗಳನ್ನು ನೋಡಿ ನೋಡಿ ಬಂದ ಚಟ. ಪ್ರತಿ ಆಟಕ್ಕೂ ಕನಿಷ್ಠ ಅರ್ಹತೆ ಅಂತ ಒಂದು ಪಟ್ಟಿ ಇರುತ್ತದೆ. ಇದಕ್ಕೆ 8 ಜಿಬಿ ರ‍್ಯಾಮ್, 50 ಜಿಬಿ ಜಾಗ, ಆರನೇ ತಲೆಮಾರಿನ ಐ5 ಪ್ರೊಸೆಸರ್, ಡೈರೆಕ್ಟ್‌ಎಕ್ಸ್ 12 ಬೇಕು. ಅರ್ಜಿದಾರನದು ಮೂರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್.

ರ‍್ಯಾಮ್ ಎಂದರೆ ಕೌಂಟರಿನ ಮೇಜು, ಹಾರ್ಡ್ ಡಿಸ್ಕ್ ಎಂದರೆ ಹಿಂದಿನ ರೆಕಾರ್ಡ್ ರೂಮು. ಮೇಜು ಚಿಕ್ಕದಾದರೆ ಪ್ರತಿ ಲೆಡ್ಜರಿಗೂ ಒಳಗೆ ಓಡಬೇಕು, ಕ್ಯೂ ಬೆಳೆಯುತ್ತದೆ. ಮೇಜನ್ನು ದೊಡ್ಡದು ಮಾಡಿಸಬಹುದು, ಅಂದರೆ ಇನ್ನೊಂದು ರ‍್ಯಾಮ್ ಹಾಕಿಸಬಹುದು. ಆದರೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ನನ್ನ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರಿನೊಳಗೇ ಇದೆ, ಬದಲಾಯಿಸಲಾಗದು.

ವಿಂಡೋಸ್ ಕೀ ಜೊತೆ ಆರ್ ಒತ್ತಿ 'ಡಿಎಕ್ಸ್‌ಡಯಾಗ್' ಎಂದು ಟೈಪ್ ಮಾಡಿದರೆ ಇದೆಲ್ಲ ಕಾಣುತ್ತದೆ. ಮೊದಲ ಪುಟದಲ್ಲೇ 'ಡೈರೆಕ್ಟ್‌ಎಕ್ಸ್ 12' ಎಂದಿತ್ತು. ಹುಡುಗ ಕುಣಿದ. ನಾನು ಎರಡನೇ ಪುಟ ತಿರುಗಿಸಿದೆ. ಅಲ್ಲಿ 'ಫೀಚರ್ ಲೆವೆಲ್' ಎದುರು ಇದ್ದದ್ದು 11 ಮಾತ್ರ. 12 ಇರುವುದು ವಿಂಡೋಸಿನಲ್ಲಿ, ಚಿಪ್ಪಿನಲ್ಲಿ ಅಲ್ಲ. ಬ್ಯಾಂಕಿನಲ್ಲಿ ಲಾಕರ್ ಇದೆ ಎಂದರೆ ನಮ್ಮ ಕೈಯಲ್ಲಿ ಕೀಲಿ ಇದ್ದಂತಾಯಿತೇ?

ಅವನು ಸುಲಭಕ್ಕೆ ಒಪ್ಪಲಿಲ್ಲ. ಖಾಲಿ ಇದ್ದದ್ದು 36 ಜಿಬಿ. "ಜಾಗವಾದ್ರೂ ಮಾಡೋಣ ತಾತ. 'ಲಲಿತ' ಅಂತ ಒಂದು ಫೋಲ್ಡರ್ 22 ಜಿಬಿ ಇದೆ, ತೆಗೆದುಬಿಡ್ಲಾ?"

ಅವನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅವಳನ್ನು ಹೆಸರಿಡಿದು ಕರೆಯುತ್ತಿದ್ದವನು ನಾನೊಬ್ಬನೇ, ಅವನಿಗೆ ಅವಳು ಬರೀ ಅಜ್ಜಿ. ಹೋಗಿ ನಾಲ್ಕು ವರ್ಷ. ಫೋಲ್ಡರ್ ತೆರೆದೆವು. ಅಡುಗೆಮನೆಯಲ್ಲಿ ದೇವರನಾಮ ಹೇಳುತ್ತಿದ್ದದ್ದು, ನಡುವೆ ಕುಕ್ಕರಿನ ಸೀಟಿ, "ಯಾರದು, ಫೋನ್ ಆಚೆ ಇಡಿ" ಎಂಬ ಗದರಿಕೆ. ಹುಡುಗ ಎರಡು ಸಲ ಹಾಕಿಸಿ ಕೇಳಿದ. ಆಮೇಲೆ ಮೆಲ್ಲಗೆ, "ಇದರ ಕಾಪಿ ಎಲ್ಲಿದೆ ತಾತ?" ಅಂದ.

ಎಲ್ಲೂ ಇರಲಿಲ್ಲ. ಬ್ರಾಂಚಿನಲ್ಲಿ ದಿನದ ಬ್ಯಾಕಪ್ ಆಗದೆ ಮನೆಗೆ ಹೊರಟವನಲ್ಲ ನಾನು. ಹನ್ನೆರಡು ವರ್ಷ ದಾಟಿದ ಡಿಸ್ಕಿನಲ್ಲಿ ಇದೊಂದನ್ನು ಹಾಗೇ ಬಿಟ್ಟಿದ್ದೆ. ಸಂಜೆಯೇ ಹೊರಗಿನ ಹಾರ್ಡ್ ಡಿಸ್ಕ್ ತಂದು ಒಂದು ಪ್ರತಿ, ಅವನ ಪೆನ್‌ಡ್ರೈವಿಗೆ ಇನ್ನೊಂದು ಪ್ರತಿ ಮಾಡಿದೆವು. ಫೋಲ್ಡರನ್ನೂ ಅಲ್ಲೇ ಬಿಟ್ಟೆವು.

ಹುಡುಗ ಮತ್ತೆ ಪಟ್ಟಿಗಳನ್ನು ಜಾಲಾಡಿದ. ಅದೇ ಆಟದ ಎರಡನೇ ಭಾಗ 2019ರಲ್ಲಿ ಹೊಸದಾಗಿ ಬಂದಿದೆ. ಅದಕ್ಕೆ 4 ಜಿಬಿ ರ‍್ಯಾಮ್, 30 ಜಿಬಿ ಜಾಗ ಸಾಕು, ನಮ್ಮಂಥ ಹಳೇ ಗ್ರಾಫಿಕ್ಸೂ ಕನಿಷ್ಠ ಪಟ್ಟಿಯಲ್ಲಿದೆ. ಬೇರೆಯಾಗಿ ಕೊಳ್ಳಬೇಕಾದ ಭಾರತದ ಕಂತಿನಲ್ಲಿ ರಾಜೇಂದ್ರ ಚೋಳನೂ ಇದ್ದಾನೆ, ನಮ್ಮ ಚಾಲುಕ್ಯರ ಮೇಲೆ ಬಿದ್ದವನು. ಅರ್ಜಿ ಅಂಚಿನಲ್ಲಿ ಪಾಸಾಯಿತು. ಸ್ಟೀಮ್‌ನಲ್ಲಿ ಕೊಂಡರೆ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆ ಷರತ್ತು ಓದಿದ ಮೇಲೆಯೇ ನಾನು ಹೂಂ ಎಂದದ್ದು.

ಚಿತ್ರದ ಗುಣಮಟ್ಟ ಪೂರ್ತಿ ಇಳಿಸಿದೆವು. ಆಟ ತೆರೆಯುವಷ್ಟರಲ್ಲಿ ಕಾಫಿ ಮಾಡಿಕೊಂಡು ಬಂದೆ. ದೊಡ್ಡ ಯುದ್ಧದಲ್ಲಿ ಸೈನಿಕರು ಮಂಡಿನೋವಿನವರಂತೆ ಕುಂಟುತ್ತಿದ್ದರು, ಫ್ಯಾನು ಮಿಕ್ಸಿಯಂತೆ ಕೂಗುತ್ತಿತ್ತು. ಒಂದು ಗಂಟೆ ನಲವತ್ತು ನಿಮಿಷಕ್ಕೆ ಸರಿಯಾಗಿ ಹೋಗಿ, "ವಾಪಸ್ ಕೊಡೋಣವೇನೋ?" ಎಂದೆ.

ಅವನು ತಿರುಗಲೂ ಇಲ್ಲ. "ಸ್ವಲ್ಪ ಇರಿ ತಾತ, ಕೋಟೆ ಬೀಳ್ತಾ ಇದೆ."