ಹತ್ತು ರೂಪಾಯಿ ಲಾಭದ ಚಿಪ್‌ಗೂ ಹೂಡಿಕೆ ಬೇಕು

ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋಗಿ ನೋಡಿ. ಮಣ್ಣಿನ ತೇವ ನೋಡಿ ಪಂಪ್ ಚಾಲು ಮಾಡುವ ಸಾಧನ, ಕಸದ ತೊಟ್ಟಿ ತುಂಬಿದರೆ ಮೆಸೇಜ್ ಕಳಿಸುವ ಸಾಧನ, ಅಜ್ಜಿಗೆ ಮಾತ್ರೆ ನೆನಪಿಸುವ ಡಬ್ಬಿ. ಹಿಂದೆ ಅಂಟಿಸಿದ ಚಾರ್ಟಿನಲ್ಲಿ ‘ಆತ್ಮನಿರ್ಭರ’ ಎಂಬ ಪದ ಒಂದು ಕಡೆಯಾದರೂ ಇರುತ್ತದೆ. ಆದರೆ ಮೇಜಿನ ಮೇಲಿನ ಪುಟ್ಟ ಬೋರ್ಡನ್ನು ಹತ್ತಿರದಿಂದ ನೋಡಿದರೆ ಬಹಳ ಕಡೆ ಕಾಣುವುದು ಒಂದೇ ಹೆಸರು: ಇಎಸ್‌ಪಿ32, ಇಲ್ಲವೇ ಅದರ ಅಣ್ಣ ಇಎಸ್‌ಪಿ8266. ಎರಡೂ ಶಾಂಘೈನ ಎಸ್ಪ್ರೆಸಿಫ್ ಎಂಬ ಕಂಪನಿಯವು.

ದೂರಲು ಇದನ್ನು ಹೇಳುತ್ತಿಲ್ಲ. ನಾನೂ ಅದನ್ನೇ ಬಳಸುತ್ತೇನೆ. ಅಗ್ಗ, ವೈಫೈ ಒಳಗೇ ಇದೆ, ಕೆಟ್ಟರೆ ಹೊಟ್ಟೆ ಉರಿಯುವುದಿಲ್ಲ. ಆದರೆ ಆ ಕಂಪನಿ ಬೆಳೆದ ಬಗೆಯನ್ನು ನಾವು ಗಮನಿಸಬೇಕು. ಸಿಂಗಪುರದ ಎಂಜಿನಿಯರ್ ಟಿಯೊ ಸ್ವೀ ಆನ್ ಅದನ್ನು ಶುರು ಮಾಡಿದ್ದು 2008ರಲ್ಲಿ. ಜಗತ್ತಿನ ಹವ್ಯಾಸಿಗಳ ಕೈಗೆ ಇಎಸ್‌ಪಿ8266 ಸಿಕ್ಕಿದ್ದು 2014ರಲ್ಲಿ. ಆಗ ಅದರ ಕೈಪಿಡಿ ಚೀನಿ ಭಾಷೆಯಲ್ಲಿ ಮಾತ್ರ ಇತ್ತು. ಬಳಸುವವರೇ ಕುಳಿತು ಅನುವಾದಿಸಿಕೊಂಡರು. 2019ರಲ್ಲಿ ಕಂಪನಿ ಶಾಂಘೈ ಷೇರುಪೇಟೆಗೆ ಬಂತು. 2023ರ ಹೊತ್ತಿಗೆ ಅದು ಮಾರಿದ ಚಿಪ್‌ಗಳ ಸಂಖ್ಯೆ 100 ಕೋಟಿ ದಾಟಿತು. ಇಷ್ಟೆಲ್ಲ ಮಾಡಿದ ಕಂಪನಿ ಸ್ವಂತ ಕಾರ್ಖಾನೆ ಕಟ್ಟಲಿಲ್ಲ. ವಿನ್ಯಾಸ ತನ್ನದು, ತಯಾರಿಕೆ ತೈವಾನಿನ ಟಿಎಸ್‌ಎಂಸಿಯದು. ಹಣ ಹೋದದ್ದು ತಲೆಗಳಿಗೆ ಮತ್ತು ತಾಳ್ಮೆಗೆ.

ಈಗ ನಮ್ಮ ಲೆಕ್ಕ ನೋಡಿ. ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಸೆಮಿಕಂಡಕ್ಟರ್ ಕ್ಷೇತ್ರಕ್ಕೆ 76,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಚಿಪ್ ವಿನ್ಯಾಸ ಮಾಡುವ ದೇಶಿ ಕಂಪನಿಗಳಿಗೆ ಮೀಸಲಾದದ್ದು 1,000 ಕೋಟಿ. ಉಳಿದ ದೊಡ್ಡ ಪಾಲು ಕಾರ್ಖಾನೆಗಳಿಗೆ. ಕಾರ್ಖಾನೆ ಬೇಡ ಎನ್ನುವವನಲ್ಲ ನಾನು. 2021ರ ಸೆಪ್ಟೆಂಬರಿನಲ್ಲಿ ಚಿಪ್ ಸಿಗದೆ ಮಾರುತಿ ತನ್ನ ಉತ್ಪಾದನೆಯನ್ನು ಮಾಮೂಲಿನ ಶೇ 40ರಷ್ಟಕ್ಕೆ ಇಳಿಸಬೇಕಾಯಿತು. ಸಣ್ಣದೊಂದು ಮೈಕ್ರೊಕಂಟ್ರೋಲರ್ ಇಲ್ಲದಿದ್ದರೆ ಹತ್ತು ಲಕ್ಷದ ಕಾರೂ ಅಂಗಳದಲ್ಲೇ ನಿಲ್ಲುತ್ತದೆ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಗುಜರಾತಿನ ಧೊಲೆರಾದಲ್ಲಿ ಟಾಟಾ ಸಂಸ್ಥೆ ತೈವಾನಿನ ಪಿಎಸ್‌ಎಂಸಿ ಜೊತೆ ಸೇರಿ ಕಟ್ಟುತ್ತಿರುವ ಫ್ಯಾಬ್‌ಗೆ 91,000 ಕೋಟಿ ರೂಪಾಯಿ ಬಂಡವಾಳ. ತಿಂಗಳಿಗೆ 50,000 ವೇಫರ್ ಸಾಮರ್ಥ್ಯ. ಅಲ್ಲಿ ಬರುವುದು 28 ನ್ಯಾನೊಮೀಟರ್ ಮತ್ತು ಅದಕ್ಕಿಂತ ಹಳೆಯ ತಂತ್ರಜ್ಞಾನ. ‘ಹಳೆಯದು’ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಮೀಟರ್, ಬೀಗ, ಫ್ಯಾನ್, ಸೆನ್ಸರ್‌ಗಳಿಗೆ ಬೇಕಾದದ್ದು ಇದೇ. ಫೋನಿಗೆ ಹಾಕುವ 3 ನ್ಯಾನೊಮೀಟರ್ ಚಿಪ್ಪನ್ನು ನೀರಿನ ಮೀಟರಿಗೆ ಹಾಕುವುದು ಸಂತೆಗೆ ಹೋಗಲು ವಿಮಾನ ಹತ್ತಿದ ಹಾಗೆ.

ಈಗೊಂದು ಸರಳ ಗುಣಾಕಾರ. 300 ಮಿಲಿಮೀಟರ್ ವೇಫರ್ ಒಂದರಲ್ಲಿ 4 ಚದರ ಮಿಲಿಮೀಟರ್ ಗಾತ್ರದ ಚಿಪ್‌ಗಳು, ಅಂಚಿನದ್ದೂ ಕೆಟ್ಟದ್ದೂ ಕಳೆದು, ಸುಮಾರು 15,000 ಸಿಗುತ್ತವೆ ಎಂದುಕೊಳ್ಳಿ. ದೇಶದಲ್ಲಿ ಅಳವಡಿಸಲು ಹೊರಟಿರುವ ಸ್ಮಾರ್ಟ್ ಮೀಟರ್‌ಗಳ ಗುರಿ 25 ಕೋಟಿ. ಅಷ್ಟಕ್ಕೂ ಬೇಕಾದ ಚಿಪ್‌ಗಳಿಗೆ ಹದಿನೇಳು ಸಾವಿರ ವೇಫರ್ ಸಾಕು. ಪೂರ್ಣ ಸಾಮರ್ಥ್ಯದಲ್ಲಿ ಓಡುವ ಧೊಲೆರಾ ಫ್ಯಾಬ್‌ಗೆ ಅದು ಹತ್ತು ದಿನದ ಕೆಲಸ! ಇಡೀ ದೇಶದ ಮೀಟರ್ ಹತ್ತು ದಿನಕ್ಕೆ ಮುಗಿದರೆ ಹನ್ನೊಂದನೇ ದಿನ ಫ್ಯಾಬ್ ಏನು ಮಾಡಬೇಕು? ಗಿರಣಿ ಕಟ್ಟಿ ಭತ್ತಕ್ಕೆ ಕಾದ ಹಾಗಾಗಬಾರದಲ್ಲ.

ಅದೇ 25 ಕೋಟಿಯನ್ನು ವಿನ್ಯಾಸ ಕಂಪನಿಯ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಒಂದು ಐಒಟಿ ಚಿಪ್ ರೂಪಿಸಿ, ಮಾಸ್ಕ್ ಮಾಡಿಸಿ, ಪರೀಕ್ಷಿಸಿ ಹೊರತರಲು ಉದಾಹರಣೆಗೆ 20 ಕೋಟಿ ರೂಪಾಯಿ ಖರ್ಚು ಎಂದಿಟ್ಟುಕೊಳ್ಳೋಣ. ಚಿಪ್ ಒಂದಕ್ಕೆ ಉಳಿಯುವುದು ಹತ್ತು ರೂಪಾಯಿ. ಹಾಕಿದ ದುಡ್ಡು ವಾಪಸ್ ಬರಲು 2 ಕೋಟಿ ಚಿಪ್ ಮಾರಬೇಕು. ಹೊಸ ಕಂಪನಿಗೆ ಇದು ಬೆಟ್ಟದಂಥ ಸಂಖ್ಯೆ. ಮೀಟರ್ ಮಾರುಕಟ್ಟೆಯ ಹತ್ತರಲ್ಲೊಂದು ಪಾಲು ಸಿಕ್ಕರೆ ಮಾತ್ರ ಆ ಬೆಟ್ಟ ದಾಟಿದಂತೆಯೇ. ಕಾರ್ಖಾನೆಗೆ ಹತ್ತು ದಿನದ ಊಟವಾದದ್ದು ವಿನ್ಯಾಸಕಾರನಿಗೆ ಜೀವಮಾನದ ಆಸರೆ.

ಅಂಥ ಕಂಪನಿಗಳು ನಮ್ಮಲ್ಲಿ ಇಲ್ಲದಿಲ್ಲ. ಐಐಟಿ ಮದ್ರಾಸಿನ ಪ್ರೊ. ಕಾಮಕೋಟಿ ಅವರ ತಂಡ ‘ಶಕ್ತಿ’ ಪ್ರೊಸೆಸರ್ ರೂಪಿಸಿದೆ. ಅದು ರಿಸ್ಕ್‌-ಫೈವ್ ಎಂಬ ಮುಕ್ತ ವಿನ್ಯಾಸ ಭಾಷೆಯ ಮೇಲೆ ನಿಂತಿದೆ, ಅಂದರೆ ಯಾರಿಗೂ ಪರವಾನಗಿ ಶುಲ್ಕ ಕಟ್ಟಬೇಕಿಲ್ಲ. ಎಸ್ಪ್ರೆಸಿಫ್‌ನ ಹೊಸ ಚಿಪ್‌ಗಳೂ ಇದೇ ದಾರಿ ಹಿಡಿದಿವೆ. ಶಕ್ತಿಯನ್ನೇ ಆಧರಿಸಿ ಚೆನ್ನೈನ ಮೈಂಡ್‌ಗ್ರೋವ್ ಎಂಬ ನವೋದ್ಯಮ 2024ರಲ್ಲಿ 28 ನ್ಯಾನೊಮೀಟರಿನ ‘ಸೆಕ್ಯೂರ್ ಐಒಟಿ’ ಚಿಪ್ ತೋರಿಸಿತು. ಅದೇ ವರ್ಷದ ಕೊನೆಗೆ ಅದಕ್ಕೆ ಸಿಕ್ಕ ಹೂಡಿಕೆ 80 ಲಕ್ಷ ಡಾಲರ್. ಬೆಂಗಳೂರಿನ ಸಿಗ್ನಲ್‌ಚಿಪ್ 2019ರಲ್ಲಿ ತನ್ನ ಮೋಡೆಮ್ ಚಿಪ್‌ಗಳಿಗೆ ‘ಆಗುಂಬೆ’ ಎಂದು ಹೆಸರಿಟ್ಟಿತ್ತು. ಸಿಲಿಕಾನಿನ ಮೇಲೆ ಮಲೆನಾಡಿನ ಹೆಸರು ಕಂಡರೆ ಖುಷಿಯಾಗುತ್ತದೆ, ಆದರೆ ಖುಷಿಯಿಂದ ಸಂಬಳ ಕೊಡಲಾಗದು.

ಖಾಸಗಿ ಹೂಡಿಕೆದಾರರು ಹಿಂಜರಿಯುವುದಕ್ಕೆ ಕಾರಣವೂ ಇದೆ. 2016ರಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಸುಮಾರು 3,200 ಕೋಟಿ ಡಾಲರ್ ಕೊಟ್ಟು ಎಆರ್‌ಎಂ ಕಂಪನಿಯನ್ನು ಕೊಂಡಾಗ ಮಸಯೋಶಿ ಸನ್ ಹೇಳಿದ್ದೆಲ್ಲ ಐಒಟಿಯ ಕಥೆ. ಏಳು ವರ್ಷದ ನಂತರ ಅದು ಷೇರುಪೇಟೆಗೆ ಬಂದಾಗ ಜನ ಮುಗಿಬಿದ್ದದ್ದು ಎಐ ಹೆಸರಿಗೆ. ಐಒಟಿ ಮಾರುಕಟ್ಟೆ ದೊಡ್ಡದು ನಿಜ, ಆದರೆ ಅದು ಒಂದೇ ದೊಡ್ಡ ಹಲಸಿನ ಹಣ್ಣಲ್ಲ, ಸಾವಿರ ನೆಲ್ಲಿಕಾಯಿ. ಒಂದೊಂದನ್ನೂ ಹುಡುಕಿ ಕೀಳಬೇಕು. ಆ್ಯಪ್‌ಗೆ ಹಾಕಿದ ದುಡ್ಡಿನ ಗತಿ ಬೇಗ ತಿಳಿಯುತ್ತದೆ, ಚಿಪ್‌ನಲ್ಲಿ ಐದಾರು ವರ್ಷ ಕಾಯಬೇಕು. ಒಂದು ತಪ್ಪು ಉಳಿದರೆ ಮಾಸ್ಕಿಗೆ ಮತ್ತೆ ಕೋಟಿಗಟ್ಟಲೆ ಸುರಿಯಬೇಕು.

ಹಾಗಾಗಿ ನನ್ನ ವಾದ ಇಷ್ಟೆ: ಸರ್ಕಾರ ಸಹಾಯಧನಕ್ಕಿಂತ ಮೊದಲು ಗಿರಾಕಿಯಾಗಬೇಕು. ವಿನ್ಯಾಸ ಪ್ರೋತ್ಸಾಹ ಯೋಜನೆಯಲ್ಲಿ ಅರ್ಹ ವೆಚ್ಚದ ಅರ್ಧದಷ್ಟು, ಗರಿಷ್ಠ 15 ಕೋಟಿ ರೂಪಾಯಿ ಸಿಗುತ್ತದೆ. ಒಳ್ಳೆಯದೇ. ಆದರೆ ವಿದ್ಯುತ್ ಕಂಪನಿಯೊಂದು ‘ಮೂರು ವರ್ಷದ ನಂತರ ಇಷ್ಟು ಲಕ್ಷ ದೇಶಿ ವಿನ್ಯಾಸದ ಚಿಪ್ ಇರುವ ಮೀಟರ್ ಕೊಳ್ಳುತ್ತೇವೆ, ಗುಣಮಟ್ಟ ಪಾಸಾದರೆ’ ಎಂದು ಟೆಂಡರಿನಲ್ಲಿ ಬರೆದುಕೊಟ್ಟರೆ ಅದಕ್ಕೆ ಇನ್ನೂ ಹೆಚ್ಚಿನ ಬೆಲೆ. ಆ ಕಾಗದ ಹಿಡಿದು ಹೋದರೆ ಹೂಡಿಕೆದಾರನೂ ಕೂತು ಮಾತಾಡುತ್ತಾನೆ. ನಮ್ಮ ರಾಜ್ಯದಲ್ಲಿ ಸ್ಮಾರ್ಟ್ ಮೀಟರ್ ಎಂದರೆ ದರದ ಜಗಳವೇ ಆಯಿತು. ಒಳಗಿನ ಚಿಪ್ ಯಾರದ್ದು ಎಂಬ ಪ್ರಶ್ನೆ ಯಾರ ಬಾಯಲ್ಲೂ ಹೆಚ್ಚು ಬರಲಿಲ್ಲ.

ಇಎಸ್‌ಪಿ32 ಜೊತೆ ಬೆಲೆಯಲ್ಲಿ ಗುದ್ದಾಡಿ ಎಂದು ನಾನು ಹೇಳುವುದಿಲ್ಲ, ಸೋಲುತ್ತೇವೆ. ಮೀಟರ್, ಸಿಸಿಟಿವಿ ಕ್ಯಾಮೆರಾ, ಗ್ಯಾಸ್ ಮೀಟರ್‌ನಂಥ ಕಡೆ ಬೆಲೆಯಷ್ಟೇ ಭದ್ರತೆಯೂ ಮುಖ್ಯ. ಅಲ್ಲಿಂದ ಶುರು ಮಾಡಬಹುದು. 2016ರ ಅಕ್ಟೋಬರಿನಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್‌ಗಳನ್ನು ವಶಮಾಡಿಕೊಂಡು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ಜಾಲತಾಣಗಳನ್ನೇ ಗಂಟೆಗಟ್ಟಲೆ ಸಿಗದಂತೆ ಮಾಡಿತ್ತು. ಬದಲಾಯಿಸದ ಪಾಸ್‌ವರ್ಡ್ ಸಾಕಾಗಿತ್ತು ಅದಕ್ಕೆ. ಮನೆಮನೆಯ ಕರೆಂಟು ಕತ್ತರಿಸಬಲ್ಲ ಮೀಟರಿನೊಳಗೆ ಏನಿದೆ ಎಂದು ತಿಳಿದಿರುವುದು ದೇಶಕ್ಕೆ ಒಳ್ಳೆಯದು.

ಇನ್ನು ಕೆಲಸದ ಮಾತು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು 1985ರಲ್ಲಿ. ಅಂದಿನಿಂದ ಈ ಊರು ಜಗತ್ತಿನ ಚಿಪ್‌ಗಳನ್ನು ವಿನ್ಯಾಸ ಮಾಡುತ್ತಿದೆ, ಮೇಲಿನ ಹೆಸರು ಮಾತ್ರ ಬೇರೆಯವರದ್ದು. ಆ ಕಂಪನಿಗಳ ಬಾಗಿಲು ತೆರೆಯುವುದು ಕೆಲವೇ ಕಾಲೇಜುಗಳವರಿಗೆ. ಎಲೆಕ್ಟ್ರಾನಿಕ್ಸ್ ಓದಿದ ಉಳಿದವರು ನಾಲ್ಕು ವರ್ಷ ಟ್ರಾನ್ಸಿಸ್ಟರ್ ಕಲಿತು ಕೊನೆಗೆ ಜಾವಾ ಬರೆಯುವ ಕೆಲಸಕ್ಕೆ ಸೇರುತ್ತೇವೆ. ಜಾವಾ ಕೀಳಲ್ಲ, ಆದರೆ ಕಲಿತದ್ದು ವ್ಯರ್ಥವಾಯಿತಲ್ಲ ಎಂಬ ಕೊರಗು ಹಾಸ್ಟೆಲಿನ ಎಲ್ಲ ಕೋಣೆಗಳಲ್ಲೂ ಇದೆ. ಐವತ್ತು ಜನರ ಸಣ್ಣ ಚಿಪ್ ಕಂಪನಿಗಳು ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಹತ್ತಿಪ್ಪತ್ತು ಹುಟ್ಟಿದರೆ ಪರೀಕ್ಷೆ, ವೆರಿಫಿಕೇಶನ್, ಫರ್ಮ್‌ವೇರ್ ಕೆಲಸಕ್ಕೆ ನಮ್ಮಂಥವರೇ ಬೇಕು.

ಐದು ವರ್ಷದಲ್ಲಿ 85,000 ಮಂದಿಗೆ ಚಿಪ್ ವಿನ್ಯಾಸ ಕಲಿಸುವ ‘ಚಿಪ್ಸ್ ಟು ಸ್ಟಾರ್ಟಪ್’ ಯೋಜನೆ ಈಗಾಗಲೇ ಇದೆ. ದುಬಾರಿ ವಿನ್ಯಾಸ ತಂತ್ರಾಂಶಗಳನ್ನು ಕಾಲೇಜುಗಳಿಗೆ ಕೊಡುವ ಚಿಪ್‌ಇನ್ ಕೇಂದ್ರ ಇರುವುದು ಬೆಂಗಳೂರಿನ ಸಿ-ಡ್ಯಾಕ್‌ನಲ್ಲೇ. ನಿಮ್ಮ ಕಾಲೇಜು ಅದರಲ್ಲಿ ಸೇರಿದೆಯೇ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿ. ಇಲ್ಲ ಎಂದರೆ ಓಪನ್‌ಲೇನ್ ಎಂಬ ಉಚಿತ ತಂತ್ರಾಂಶವನ್ನು, 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಮುಕ್ತಗೊಳಿಸಿದ 130 ನ್ಯಾನೊಮೀಟರ್ ವಿನ್ಯಾಸ ಕಿಟ್‌ ಜೊತೆ ಈ ರಜೆಯಲ್ಲೇ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಬಹುದು. ಮೊದಲ ಕೌಂಟರ್ ಸರ್ಕ್ಯೂಟಿನ ಲೇಔಟ್ ಪರದೆಯ ಮೇಲೆ ಮೂಡಲು ಒಂದು ವಾರಾಂತ್ಯ ಸಾಕು.