ಗ್ಲೌಸ್ ಹಾಕಿದರೆ ರೂಟರ್ ಮಷಿನ್‌ನಿಂದ ಕೈ ಸೇಫಾ? ಬೆಲ್ಲ ತಿಂದರೆ ಮರದ ಧೂಳು ಹೋಗುತ್ತಾ?

ಎಚ್.ಡಿ. ಕೋಟೆ, ಹುಣಸೂರು ಕಡೆ ಹೊಸ ಮನೆ ಎದ್ದರೆ ಬಾಗಿಲು, ಕಿಟಕಿಗೆ ಬಡಗಿ ಬರಲೇಬೇಕು. ಹಿಂದೆ ಉಳಿ ಹಿಡಿದು ದಿನವಿಡೀ ಮಾಡುತ್ತಿದ್ದ ಅಂಚು, ಗ್ರೂವ್ ಕೆಲಸವನ್ನು ಈಗ ಕೈಯಲ್ಲಿ ಹಿಡಿಯುವ ರೂಟರ್ ಅಥವಾ ಪುಟ್ಟ ಟ್ರಿಮ್ಮರ್ ಬೇಗನೆ ಮುಗಿಸುತ್ತದೆ. ಮೊಬೈಲ್ ವಿಡಿಯೊ ನೋಡಿ ಕಲಿತವರೂ ಇದ್ದಾರೆ. ಮಷಿನ್ ಜೊತೆ ಕೆಲವು ತಪ್ಪು ನಂಬಿಕೆಗಳೂ ಬಂದಿವೆ.

ನಂಬಿಕೆ 1: ಗ್ಲೌಸ್ ಹಾಕಿದರೆ ಕೈಗೆ ಏನೂ ಆಗಲ್ಲ

ವಾಸ್ತವ ಉಲ್ಟಾ. 25 ಮಿ.ಮೀ. ಅಗಲದ ಬಿಟ್ ನಿಮಿಷಕ್ಕೆ 24,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 113 ಕಿ.ಮೀ. ಈ ವೇಗವನ್ನು ಬಟ್ಟೆಯ ಗ್ಲೌಸ್ ತಡೆಯುವುದಿಲ್ಲ. ಅದರ ಒಂದು ಎಳೆ ಸಿಕ್ಕಿಕೊಂಡರೂ ಸಾಕು, ಬೆರಳನ್ನೂ ಒಳಗೆ ಎಳೆದುಕೊಳ್ಳುತ್ತದೆ. ಸಡಿಲ ತೋಳಿನ ಅಂಗಿ, ಕೊರಳಿನ ಟವೆಲ್, ಕೈದಾರಕ್ಕೂ ಇದೇ ಮಾತು. ಮರವನ್ನು ಕ್ಲ್ಯಾಂಪ್ ಹಾಕಿ ಬಿಗಿದು, ಎರಡೂ ಕೈ ಮಷಿನ್ ಮೇಲಿಡುವುದೇ ಬೆರಳಿಗೆ ನಿಜವಾದ ರಕ್ಷಣೆ. ಕಣ್ಣಿಗೆ ಕನ್ನಡಕ ಇರಲಿ.

ನಂಬಿಕೆ 2: ಯಾವ ಕಡೆಯಿಂದ ಎಳೆದರೂ ಒಂದೇ

ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಹಲಗೆ ನಿಮ್ಮ ಮುಂದಿದೆ, ನಿಮ್ಮ ಕಡೆಗಿರುವ ಅಂಚನ್ನು ಕೊರೆಯುತ್ತಿದ್ದೀರಿ ಅಂದುಕೊಳ್ಳಿ. ಬಿಟ್ ಮರವನ್ನು ಬಲಕ್ಕೆ ತಳ್ಳುತ್ತದೆ, ಮರ ಮಷಿನ್ನನ್ನು ಎಡಕ್ಕೆ ತಳ್ಳುತ್ತದೆ. ಆದ್ದರಿಂದ ನೀವು ಎಡದಿಂದ ಬಲಕ್ಕೆ ಸಾಗಬೇಕು. ಬಲದಿಂದ ಎಡಕ್ಕೆ ಹೋದರೆ ಮರದ ತಳ್ಳು, ನಿಮ್ಮ ತಳ್ಳು ಎರಡೂ ಒಂದೇ ಕಡೆಗಾಗಿ ಮಷಿನ್ ಕೈಯಿಂದ ಓಡಿಬಿಡುತ್ತದೆ. ನೆನಪಿಗೆ: ಹಲಗೆಯ ಹೊರ ಅಂಚಿನ ಸುತ್ತ ಅಪ್ರದಕ್ಷಿಣೆ, ಚೌಕಟ್ಟಿನ ಒಳ ಅಂಚಿಗೆ ಪ್ರದಕ್ಷಿಣೆ.

ನಂಬಿಕೆ 3: ಒಂದೇ ಸಲ ಆಳಕ್ಕೆ ಇಳಿಸಿದರೆ ಕೆಲಸ ಬೇಗ

ಮೋಟರ್ ಏದುಸಿರು ಬಿಡುತ್ತದೆ, ಮರ ಸುಟ್ಟು ಕಪ್ಪಾಗುತ್ತದೆ, ತೆಳು ಬಿಟ್ ಮುರಿದು ಹಾರಬಹುದು. ತೇಗ, ಹೊನ್ನೆಯಂಥ ಮರಕ್ಕೆ ಒಂದು ಸಲಕ್ಕೆ 3 ಮಿ.ಮೀ.ನಂತೆ ಎರಡು ಮೂರು ಸಲ ಓಡಿಸಿ. ಬಿಟ್ ದೊಡ್ಡದಾದಷ್ಟೂ ವೇಗ ಇಳಿಸಿ. 50 ಮಿ.ಮೀ. ಬಿಟ್‌ಗೆ 24,000 ಸುತ್ತು ಕೊಟ್ಟರೆ ಅಂಚಿನ ವೇಗ ಗಂಟೆಗೆ 226 ಕಿ.ಮೀ. ದಾಟುತ್ತದೆ. ಬಿಟ್ ಬದಲಿಸುವಾಗ ಪ್ಲಗ್ ಕಿತ್ತಿಡಿ. ಬಿಟ್ಟನ್ನು ತಳದವರೆಗೆ ತೂರಿಸಿ, 2-3 ಮಿ.ಮೀ. ಹಿಂದಕ್ಕೆಳೆದು ಬಿಗಿ ಮಾಡಿ.

ನಂಬಿಕೆ 4: ಕರೆಂಟ್ ಹೋದರೆ ಅಪಾಯ ಮುಗಿಯಿತು

ಅಲ್ಲೇ ಶುರು. ಹಳ್ಳಿ ಕಡೆ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ. ಸ್ವಿಚ್ ಆನ್ ಇಟ್ಟು ಟೀ ಕುಡಿಯಲು ಹೋದರೆ, ಕರೆಂಟ್ ಬಂದ ಕ್ಷಣ ಎಷ್ಟೋ ಮಷಿನ್‌ಗಳು ತಾವೇ ಚಾಲೂ ಆಗುತ್ತವೆ. ಪಕ್ಕದಲ್ಲಿ ಮಕ್ಕಳಿದ್ದರೆ? ಕರೆಂಟ್ ಹೋದ ತಕ್ಷಣ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆಯಿರಿ.

ನಂಬಿಕೆ 5: ಸಂಜೆ ಬೆಲ್ಲ ತಿಂದರೆ ಧೂಳು ತೊಳೆದುಹೋಗುತ್ತದೆ

ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಹೋಗುವುದು ಶ್ವಾಸಕೋಶಕ್ಕೆ. 1994ರಲ್ಲಿ ಲಖನೌ ವಿಜ್ಞಾನಿಗಳು ಬೆಲ್ಲದಿಂದ ಅನುಕೂಲ ಕಂಡಿದೆ ಎಂದು ಬರೆದದ್ದು ನಿಜ. ಆದರೆ ಅದು ಇಲಿಗಳ ಮೇಲೆ, ಕಲ್ಲಿದ್ದಲು ಮತ್ತು ಸಿಲಿಕಾ ಧೂಳಿನ ಪ್ರಯೋಗ. ಮನುಷ್ಯರಿಗೆ, ಮರದ ಧೂಳಿಗೆ ಅದನ್ನು ಸಾಕ್ಷಿ ಮಾಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮೂಗಿನ ಒಳಭಾಗದ ಕ್ಯಾನ್ಸರ್ ಮುಖ್ಯ ಆತಂಕ. ತೇಗ, ಬೀಟೆ ಧೂಳಿನಿಂದ ಕೆಲವರಿಗೆ ಚರ್ಮದ ಅಲರ್ಜಿಯೂ ಆಗುತ್ತದೆ. ಮೂಗಿಗೆ ಕಟ್ಟಿದ ಟವೆಲ್ ಸಣ್ಣ ಧೂಳನ್ನು ಸರಿಯಾಗಿ ತಡೆಯದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್, ಗಾಳಿ ಆಡುವ ಜಾಗ ಬೇಕು.

ಕೊನೆಯ ಮಾತು: ಬೆಲ್ಲ ಇಷ್ಟವಾದರೆ ತಿನ್ನಿ, ಮಾಸ್ಕ್ ಬದಲಿಗೆ ಬೇಡ. ಇನ್ನೊಬ್ಬರಿಗೆ ಫಾರ್ವರ್ಡ್ ಮಾಡುವುದಿದ್ದರೆ ಇಷ್ಟನ್ನು ಮಾಡಿ: ಗ್ಲೌಸ್ ಬೇಡ, ಕ್ಲ್ಯಾಂಪ್ ಬೇಕು, ಹೊರ ಅಂಚಿಗೆ ಅಪ್ರದಕ್ಷಿಣೆ, ಕರೆಂಟ್ ಹೋದರೆ ಪ್ಲಗ್ ತೆಗೆಯಿರಿ.